ಅವರ ಬ್ಯಾಸಗಿ, ನಮ್ಮ ಮಳೆಗಾಲ: ಮಕ್ಕಳನ್ನು ವಿದೇಶದ ಬೇಸಿಗೆ ಕೋರ್ಸಿಗೆ ಕಳಿಸುವವರಿಗೆ

ಸಂಕ್ರಾಂತಿ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಫೋನು ಬರಲು ಶುರುವಾಗುತ್ತವೆ. ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕ ನೋಡುವವನು. ಡಾಕ್ಟರು, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯವರು, ಗದಗ-ಬ್ಯಾಡಗಿ ಕಡೆಯ ವ್ಯಾಪಾರಸ್ಥರು ನನ್ನ ಗಿರಾಕಿಗಳು. “ಸರ, ಹುಡುಗನ್ನ ಎರಡ ವಾರ ಅಮೆರಿಕಾಕ್ಕ ಕಳಸಬೇಕಂತ ಮಾಡೇವಿ. ಟ್ಯಾಕ್ಸ್ ಏನರ ಬೀಳ್ತದೇನ್ರಿ?” ಟ್ಯಾಕ್ಸಿನ ಮಾತು ಎರಡು ನಿಮಿಷದ್ದು. ಕಳಿಸಬೇಕೋ ಬೇಡವೋ, ಕಳಿಸಿದರೆ ಎಲ್ಲಿಗೆ, ಕಳಿಸಿದ ಮೇಲೆ ನಾವು ಇಲ್ಲಿ ಕೂತು ಏನು ಮಾಡಬೇಕು ಎಂಬುದೇ ಅರ್ಧ ತಾಸು ಹಿಡಿಯುತ್ತದೆ. ಎರಡು ವರ್ಷದ ಹಿಂದೆ ಮಗಳನ್ನು ಮೂರು ವಾರ ಇಂಗ್ಲೆಂಡಿಗೆ ಕಳಿಸಿ ಬಂದ ಅನುಭವದಿಂದ ಆ ಅರ್ಧ ತಾಸು ನನಗೆ ಬಾಯಿಪಾಠವಾಗಿದೆ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಯೂನಿವರ್ಸಿಟಿಯ ಹೆಸರು ನೋಡಿ ಆರಿಸಬೇಡಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಬಾಗಿಲು ತೆರೆಯುವವರು ಯಾರು ಎಂದು ಕೇಳಿ ಆರಿಸಿ. ಕೆಳಗೆ ಬರೆದದ್ದನ್ನೆಲ್ಲ ಇದೇ ಗಂಟಿಗೆ ಕಟ್ಟಿದ್ದೇನೆ.

ಮೊದಲು ಕ್ಯಾಲೆಂಡರ್

‘ಸಮ್ಮರ್ ಪ್ರೋಗ್ರಾಂ’ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ಸ್ಟೇಟ್ ಸಿಲೆಬಸ್ ಶಾಲೆಗಳಿಗೆ ಸೂಟಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ. ಅವರ ಬೇಸಿಗೆ ಜೂನ್ ನಡುವಿನಿಂದ ಆಗಸ್ಟ್ ನಡುವಿನ ತನಕ. ಅಲ್ಲಿ ಬಿಸಿಲು ಕಾಯಿಸಲು ಹುಲ್ಲಿನ ಮೇಲೆ ಕೂರುವ ಹೊತ್ತಿಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ, ತರಗತಿಗಳು ಆರಂಭವಾಗಿ ತಿಂಗಳಾಗಿರುತ್ತದೆ. ಹೋಗುವ ಮಗು ಮೂರರಿಂದ ಆರು ವಾರ ಶಾಲೆ ತಪ್ಪಿಸಿಕೊಳ್ಳುವುದು ಬಹುತೇಕ ಖಚಿತ.

ಹಾಗಾಗಿ ‘ಯಾವ ದೇಶ’ಕ್ಕಿಂತ ಮೊದಲು ‘ಯಾವ ವರ್ಷ’ ಎಂಬುದು ತೀರ್ಮಾನವಾಗಬೇಕು. ಎಂಟನೆಯದು ಮುಗಿಸಿ ಒಂಬತ್ತಕ್ಕೆ ಕಾಲಿಟ್ಟ ವರ್ಷ ಎಲ್ಲಕ್ಕಿಂತ ಹಗುರ. ಆದರೆ ಹದಿನಾಲ್ಕರ ಮಗುವನ್ನು ತೆಗೆದುಕೊಳ್ಳುವ ಕೋರ್ಸುಗಳು ಕಡಿಮೆ. ಹತ್ತನೇ ಇಯತ್ತೆಯ ಜೂನ್-ಜುಲೈ ಬೇಡವೇ ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿ ಫಸ್ಟ್ ಪಿಯುಗೆ ಸೇರಿದ ವರ್ಷ ನಾವು ಕಳಿಸಿದೆವು. ಪಿಯುನಲ್ಲಿ ಶೇ. 75 ಹಾಜರಿ ಬೇಕು. ಮೂರು ವಾರ ಹೋದರೂ ಲೆಕ್ಕ ಕೂಡುತ್ತದೆ, ಮುಂದೆ ಜ್ವರ, ಮದುವೆ, ಜಾತ್ರೆ ಎಂದು ರಜೆ ಹಾಕುವ ಹಾಗಿಲ್ಲ ಅಷ್ಟೆ. ಪ್ರಿನ್ಸಿಪಾಲರಿಗೆ ಮೊದಲೇ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡಿದ್ದು ಒಳ್ಳೆಯದಾಯಿತು. ಸೆಕೆಂಡ್ ಪಿಯು ಮುಗಿಸಿದವರಿಗೆ ಸಮಯವಿದೆ ಅನ್ನಿಸುತ್ತದೆ, ಆದರೆ ಸಿಇಟಿ, ನೀಟ್ ಮುಗಿದ ಮೇಲೆ ಕೌನ್ಸೆಲಿಂಗ್ ಯಾವ ದಿನ ಬಂದು ಬಾಗಿಲು ಬಡಿಯುತ್ತದೋ ಹೇಳಲಾಗದು. ಆಪ್ಷನ್ ಎಂಟ್ರಿಯ ದಿನ ಮಗ ಬಾಸ್ಟನ್‌ನಲ್ಲಿ, ಅಪ್ಪ ಹಾವೇರಿಯ ಸೈಬರ್ ಕೆಫೆಯಲ್ಲಿ, ಓಟಿಪಿ ಮಗನ ಆಫ್ ಆದ ಸಿಮ್ಮಿನಲ್ಲಿ. ಇಂಥ ಪಜೀತಿಯನ್ನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕ: ಹೆಸರು ದೊಡ್ಡದು, ಕಾಗದ ದಪ್ಪ

ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್, ಬ್ರೌನ್ ಮುಂತಾದವು ಹೈಸ್ಕೂಲ್ ವಯಸ್ಸಿನವರಿಗೆಂದು ತಾವೇ ಬೇಸಿಗೆ ಕೋರ್ಸು ನಡೆಸುತ್ತವೆ. ನಡೆಸುವವರು ಯಾರು ಎಂಬ ಗೊಂದಲವಿಲ್ಲ. ಹಾಸ್ಟೆಲ್ಲಿನ ಮಹಡಿಗೊಬ್ಬರಂತೆ ಕಾಲೇಜು ಹುಡುಗ-ಹುಡುಗಿಯರು ನಿಗಾ ನೋಡುತ್ತಾರೆ, ರಾತ್ರಿ ರೂಮಿಗೆ ಮರಳಿದ್ದಾರೋ ಇಲ್ಲವೋ ಎಂದು ಹಾಜರಿ ತೆಗೆದುಕೊಳ್ಳುತ್ತಾರೆ. ಖರ್ಚು ಮಾತ್ರ ಎದೆ ಝಲ್ಲೆನ್ನುವಂಥದು: ಎರಡು ವಾರಕ್ಕೆ ಊಟ, ವಸತಿ, ಪಾಠ ಸೇರಿ ಸುಮಾರು 6,000 ಡಾಲರ್ ಎಂದು ಹಿಡಿಯಿರಿ. ನಮ್ಮ ದುಡ್ಡಿನಲ್ಲಿ ಐದು ಲಕ್ಷ ದಾಟಿತು, ವಿಮಾನ ಬೇರೆ. ಯೇಲ್‌ನ ಕೋರ್ಸಿಗೆ ಮನೆಯ ಆದಾಯ ನೋಡಿ ನೆರವು ಕೊಡುವ ಪದ್ಧತಿ ಇದೆ. ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ ಎಂಬ ಸಂಶೋಧನಾ ಶಿಬಿರಕ್ಕೆ ಆಯ್ಕೆಯಾದರೆ ಪಾಠದ ಶುಲ್ಕವೇ ಇಲ್ಲ, ಆದರೆ ಆಯ್ಕೆಯಾಗುವುದು ಬಹಳ ಕಷ್ಟ. ದುಡ್ಡು ಕೊಟ್ಟರೆ ಸಿಗುವ ಸೀಟು, ಪರೀಕ್ಷೆ ಗೆದ್ದರೆ ಸಿಗುವ ಸೀಟು ಬೇರೆ ಬೇರೆ ಎಂಬುದು ಅಲ್ಲಿನ ಅಡ್ಮಿಷನ್ ಆಫೀಸಿನವರಿಗೂ ಗೊತ್ತು. “ಈ ಸರ್ಟಿಫಿಕೇಟ್ ಇದ್ದರ ಮುಂದ ಅಲ್ಲೇ ಡಿಗ್ರಿ ಸೀಟ್ ಪಕ್ಕಾ ರೀ” ಎಂದು ಒಬ್ಬ ಏಜೆಂಟ್ ನನ್ನ ಮುಂದೆಯೇ ಹೇಳಿದ. ಹಾಗೇನೂ ಇಲ್ಲ. ಕೋರ್ಸು ನಡೆಸುವ ಯೂನಿವರ್ಸಿಟಿಗಳು ಅಂಥ ಖಾತರಿ ಕೊಡುವುದಿಲ್ಲ.

ಕಾಗದಪತ್ರದ ವಿಷಯ. ವಾರಕ್ಕೆ 18 ತಾಸು ಅಥವಾ ಅದಕ್ಕೂ ಹೆಚ್ಚು ಪಾಠ, ಇಲ್ಲವೇ ಡಿಗ್ರಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುವ ಕೋರ್ಸು ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾ ಬೇಕು. ಅದಕ್ಕೆ ಯೂನಿವರ್ಸಿಟಿ ಪ್ರವೇಶ ಕೊಟ್ಟಿದ್ದೇವೆ ಎಂಬ ಐ-20 ಪತ್ರ ಕಳಿಸಬೇಕು. ವೀಸಾ ಅರ್ಜಿಗೆ 185 ಡಾಲರ್, ಎಫ್-1 ಆದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಗೆಂದು ಇನ್ನೂ 350. ಯಾವ ವೀಸಾ ಎಂದು ಕೋರ್ಸಿನವರನ್ನೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ, ಏಜೆಂಟರ ಬಾಯಿಮಾತು ಬೇಡ. ಸಂದರ್ಶನಕ್ಕೆ ನಮ್ಮ ಕಡೆಯವರು ಚೆನ್ನೈ, ಹೈದರಾಬಾದ್ ಅಥವಾ ಮುಂಬೈಗೆ ಹೋಗಬೇಕು, ತಾರೀಖು ಸಿಗುವುದೇ ಒಂದು ಸಾಹಸ. 2025ರ ಜೂನ್‌ನಿಂದ ಎಫ್-1 ಕೇಳುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಹದಿನಾರರ ಹುಡುಗಿಗೆ ಇನ್‌ಸ್ಟಾಗ್ರಾಂ ತೆರೆದಿಡು ಎಂದು ಅಪ್ಪ ಹೇಳುವ ದೃಶ್ಯ ಊಹಿಸಿಕೊಳ್ಳಿ.

ಇನ್ನೊಂದು, ಯಾರೂ ಮೊದಲೇ ಹೇಳದ ಸಂಗತಿ: ಲಸಿಕೆ. ಅಲ್ಲಿನ ಹಾಸ್ಟೆಲ್ಲುಗಳು ಸಾಮಾನ್ಯವಾಗಿ ದಡಾರ, ಗದ್ದಬಾವು, ರುಬೆಲ್ಲಾ ಮೂರಕ್ಕೂ ಹಾಕುವ ಎಂಎಂಆರ್‌ನ ಎರಡು ಡೋಸ್ ಆಗಿದೆ ಎಂಬ ದಾಖಲೆ ಕೇಳುತ್ತವೆ. ನಮ್ಮ ಸರಕಾರಿ ಲಸಿಕೆಯಲ್ಲಿ 2017ರಿಂದ ಕೊಡುತ್ತಿರುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ ಮಾತ್ರ, ಗದ್ದಬಾವಿನದು ಅದರಲ್ಲಿಲ್ಲ. ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬೇಕು. ಮಗುವಿನ ಲಸಿಕೆ ಕಾರ್ಡನ್ನು ಫೆಬ್ರವರಿಯಲ್ಲೇ ಹುಡುಕಿ ತೆಗೆದು ಡಾಕ್ಟರಿಗೆ ತೋರಿಸಿ.

ಬ್ರಿಟನ್: ‘ಆಕ್ಸ್‌ಫರ್ಡ್‌ನಲ್ಲಿ’ ಬೇರೆ, ‘ಆಕ್ಸ್‌ಫರ್ಡ್‌ನವರ’ ಬೇರೆ

ಇಂಗ್ಲೆಂಡಿನ ಬೇಸಿಗೆ ಶಾಲೆಗಳಲ್ಲಿ ಬಹಳಷ್ಟು ಖಾಸಗಿ ಕಂಪನಿಗಳದ್ದು. ಸೂಟಿಯಲ್ಲಿ ಖಾಲಿ ಇರುವ ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಕೋಣೆಗಳನ್ನು ಬಾಡಿಗೆಗೆ ಹಿಡಿದು, ತಮ್ಮ ಮಾಸ್ತರರನ್ನಿಟ್ಟು ಕಲಿಸುತ್ತಾರೆ. ನಮ್ಮ ಕರ್ನಾಟಕ ಕಾಲೇಜಿನ ಆವಾರದಲ್ಲಿ ಯಾರೋ ಕ್ಯಾಂಪ್ ಮಾಡಿದರೆ ಅದರ ಸರ್ಟಿಫಿಕೇಟಿನ ಮೇಲೆ ಕಾಲೇಜಿನ ಮುದ್ರೆ ಬೀಳುತ್ತದೇನು? ಹಾಗೇ ಇದು. ಇದರಲ್ಲಿ ಮೋಸವೇನಿಲ್ಲ. ಬ್ರೋಷರಿನ ಕೆಳಗೆ ಸಣ್ಣಕ್ಷರದಲ್ಲಿ ‘ಯೂನಿವರ್ಸಿಟಿಗೂ ನಮಗೂ ಸಂಬಂಧವಿಲ್ಲ’ ಎಂದು ಬರೆದೂ ಇರುತ್ತಾರೆ. ನಾವು ಓದುವುದಿಲ್ಲ.

ಆದರೂ ನಾನು ಮಗಳಿಗೆ ಆರಿಸಿದ್ದು ಬ್ರಿಟನ್ನನ್ನೇ, ಅದೂ ಆಕ್ಸ್‌ಫರ್ಡ್ ಅಲ್ಲ, ಹೆಸರು ಕೇಳದ ಸಣ್ಣ ಊರಿನ ಒಂದು ಬೋರ್ಡಿಂಗ್ ಶಾಲೆ. ಕಾರಣ ಇಷ್ಟೇ: ಅಲ್ಲಿ ಹಾಸ್ಟೆಲ್ ನೋಡಿಕೊಳ್ಳುವವರು ವರ್ಷವಿಡೀ ಮಕ್ಕಳನ್ನು ಸಾಕುವ ಕೆಲಸದವರು, ಬೇಸಿಗೆಗೆಂದು ಹಿಡಿದು ತಂದವರಲ್ಲ. ಖರ್ಚು ವಾರಕ್ಕೆ ಸಾವಿರ ಪೌಂಡಿನ ಆಸುಪಾಸು. ಹೆಸರುವಾಸಿ ಊರಿಗೆ ಹೋದಂತೆ ಅದು ಎರಡು ಸಾವಿರ ದಾಟುವುದೂ ಉಂಟು. ಇಂಗ್ಲಿಷ್ ಭಾಷೆಯ ಕೋರ್ಸಾದರೆ ಬ್ರಿಟಿಷ್ ಕೌನ್ಸಿಲ್‌ನ ಮಾನ್ಯತೆ ಇದೆಯೇ ನೋಡಿ. ಅವರ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ.

ವೀಸಾ ಅಮೆರಿಕಕ್ಕಿಂತ ಸಸಾರ. ಆರು ತಿಂಗಳೊಳಗಿನ ಓದಿಗೆ ಸಾಮಾನ್ಯ ವಿಸಿಟರ್ ವೀಸಾ ಸಾಕು, ಶಾಲೆಗೆ ಮಾನ್ಯತೆ ಇರಬೇಕು. 2025ರ ಏಪ್ರಿಲ್‌ನಲ್ಲಿ ಅದರ ಶುಲ್ಕ 127 ಪೌಂಡ್ ಆಯಿತು. ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚಿಗೆ ಬೆಂಗಳೂರು. ಹದಿನೆಂಟರೊಳಗಿನವರು ಒಬ್ಬರೇ ಹೋಗುವುದಾದರೆ ತಂದೆ-ತಾಯಿಯ ಲಿಖಿತ ಒಪ್ಪಿಗೆ, ಅಲ್ಲಿ ಇಳಿದುಕೊಳ್ಳುವ ವಿಳಾಸ, ಕರೆದುಕೊಳ್ಳಲು ಬರುವವರ ವಿವರ ಎಲ್ಲ ಕೊಡಬೇಕು. ನಮ್ಮ ಪತ್ರವನ್ನು ನಾನೇ ಬರೆದು ನೋಟರಿ ಮಾಡಿಸಿದೆ. ಮೂರು ಸಲ ಬರೆದೆ. ಊರವರ ರಿಟರ್ನ್ಸ್ ತುಂಬುವ ಕೈಗೆ ಸ್ವಂತ ಮಗಳ ಪತ್ರ ಬರೆಯುವಾಗ ನಡುಕ ಬಂದಿತ್ತು ಎಂದರೆ ನಮ್ಮ ಮನೆಯವರು ಈಗಲೂ ನಗುತ್ತಾರೆ.

ಜರ್ಮನಿ, ಸಿಂಗಪುರ

ಜರ್ಮನಿ ಶಾಲೆಯ ಮಕ್ಕಳಿಗಿಂತ ಕಾಲೇಜಿನವರಿಗೆ ಹೆಚ್ಚು ಹೊಂದುತ್ತದೆ. ಯೂನಿವರ್ಸಿಟಿಗಳೇ ಜುಲೈ-ಆಗಸ್ಟಿನಲ್ಲಿ ಭಾಷೆಯ ಮತ್ತು ವಿಷಯದ ಕೋರ್ಸು ನಡೆಸುತ್ತವೆ, ಶುಲ್ಕ ಅಮೆರಿಕದ ಮುಂದೆ ಏನೂ ಅಲ್ಲ. ಡಿಗ್ರಿಯ ಎರಡು ವರ್ಷ ಮುಗಿಸಿದವರಿಗೆ ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ಅಲ್ಲಿನ ಡಿಎಎಡಿ ಸಂಸ್ಥೆಯ ಬೇಸಿಗೆ ಕೋರ್ಸ್ ಸ್ಕಾಲರ್‌ಶಿಪ್ ಇದೆ, ಅರ್ಜಿ ಹಿಂದಿನ ವರ್ಷವೇ ಹಾಕಬೇಕು. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) 90 ಯೂರೋ, ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಇಲ್ಲಿ ರಾತ್ರಿ ಹಾಜರಿ ತೆಗೆಯುವವರು ಯಾರೂ ಇಲ್ಲ. ಹದಿನೆಂಟು ದಾಟಿದವರು ಅಲ್ಲಿ ದೊಡ್ಡವರು. ಅಪ್ಪ ಗದಗದಿಂದ ಫೋನು ಮಾಡಿ “ನಮ್ಮ ಹುಡುಗ ಕ್ಲಾಸಿಗೆ ಬರಾಕತ್ತಾನೇನ್ರಿ” ಎಂದು ಕೇಳಿದರೆ ಆಫೀಸಿನವರು ನಯವಾಗಿ ಹೇಳಲು ನಿರಾಕರಿಸುತ್ತಾರೆ. ಸ್ವಂತ ಅಡಿಗೆ, ಸ್ವಂತ ಬಟ್ಟೆ, ಭಾನುವಾರ ಅಂಗಡಿ ಬಂದ್ ಎಂಬುದನ್ನು ಶನಿವಾರವೇ ನೆನಪಿಡುವ ಬುದ್ಧಿ. ಧಾರವಾಡದಲ್ಲಿ ರೂಮು ಮಾಡಿಕೊಂಡು ಒಂದು ವರ್ಷವಾದರೂ ಓದಿದ ಹುಡುಗನಿಗೆ ಇದು ಹಬ್ಬ. ಅವ್ವ ಬಡಿಸಿದ ತಾಟಿನಿಂದ ನೇರ ಹೋಗುವವನಿಗೆ ಕಷ್ಟ.

ಸಿಂಗಪುರವನ್ನು ನಮ್ಮ ಜನ ಪ್ರವಾಸದ ಊರು ಎಂದಷ್ಟೇ ನೋಡುತ್ತಾರೆ. ಮೊದಲ ಸಲ ಕಳಿಸುವವರಿಗೆ, ಅದರಲ್ಲೂ ಮಗು ಸ್ವಲ್ಪ ಪುಕ್ಕಲು ಆಗಿದ್ದರೆ, ನಾನು ಮೊದಲು ಹೇಳುವುದು ಇದನ್ನೇ. ಬೆಂಗಳೂರಿನಿಂದ ನಾಲ್ಕೂವರೆ ತಾಸಿನ ವಿಮಾನ, ಅಕ್ಕಿ-ಸಾರು ಸಿಗುವ ಊರು, ಗಡಿಯಾರದಲ್ಲಿ ಎರಡೂವರೆ ತಾಸಿನದಷ್ಟೇ ಅಂತರ. ಕೆಟ್ಟರೆ ಬೇಗ ಹೋಗಿ ಕರೆತರಬಹುದು.

ಶಾಲೆಯವರೇ ಕರೆದೊಯ್ಯುವ ಹತ್ತು ದಿನದ ‘ನಾಸಾ ಟ್ರಿಪ್’ ಇದೆಯಲ್ಲ, ಅದನ್ನು ಈ ಸಾಲಿನಲ್ಲಿ ಸೇರಿಸಬೇಡಿ. ಕೆನೆಡಿ ಸ್ಪೇಸ್ ಸೆಂಟರಿನ ಸಂದರ್ಶಕರ ಕೇಂದ್ರ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ನೋಡಬಹುದಾದ ಜಾಗ. ಮಗು ಖುಷಿಪಡುತ್ತದೆ, ರಾಕೆಟ್ ನೋಡುತ್ತದೆ, ಗೆಳೆಯರ ಜೊತೆ ಇರುತ್ತದೆ. ಅದು ಪ್ರವಾಸ. ಪ್ರವಾಸ ಎಂದು ಒಪ್ಪಿಕೊಂಡು ಕಳಿಸಿದರೆ ಯಾವ ತಕರಾರೂ ಇಲ್ಲ.

ದುಡ್ಡು ಬಿಗಿಯಾಗಿದ್ದರೆ ಸಾಲ ಮಾಡಿ ಕಳಿಸಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಆವಾರದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, ಐಐಟಿ ಧಾರವಾಡ ಇದೆ. ಡಿಗ್ರಿ ಓದುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ: ಅವರೇ ದುಡ್ಡು ಕೊಟ್ಟು ಕಲಿಸುತ್ತಾರೆ. ಮನೆ ಬಿಟ್ಟು ಇರುವುದನ್ನು ಕಲಿಯಲು ಬೆಂಗಳೂರಿನ ಎರಡು ತಿಂಗಳೂ ಸಾಕಾಗುತ್ತವೆ.

ಈಗ ಟ್ಯಾಕ್ಸಿನ ಎರಡು ನಿಮಿಷ

ಏಜೆಂಟರು ಎಲ್ಲವನ್ನೂ ಸೇರಿಸಿ ‘ಪ್ಯಾಕೇಜ್’ ಮಾಡಿ ಮಾರಿದರೆ ಅದು ವಿದೇಶ ಪ್ರವಾಸದ ಪ್ಯಾಕೇಜ್ ಆಗಿ, ಮೊದಲ ರೂಪಾಯಿಯಿಂದಲೇ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದೇ ನೀವು ಬ್ಯಾಂಕಿನಿಂದ ನೇರ ಶಾಲೆಯ ಖಾತೆಗೆ ಶುಲ್ಕ ಕಳಿಸಿದರೆ, 2025ರ ಏಪ್ರಿಲ್‌ನಿಂದ ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿಯ ತನಕ ಟಿಸಿಎಸ್ ಇಲ್ಲ. ಹಿಡಿದ ದುಡ್ಡು ಮುಳುಗುವುದಿಲ್ಲ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಕೈಗೆ ಬರುವುದು ಮುಂದಿನ ವರ್ಷ. ವಿದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕಿನಲ್ಲಿ ತುಂಬುವ ಎ-2 ಫಾರ್ಮಿನಲ್ಲಿ ಉದ್ದೇಶದ ಕಾಲಂ ಸರಿಯಾಗಿದೆಯೇ ನೋಡಿ, ಕೌಂಟರಿನವರು ಅವಸರದಲ್ಲಿ ‘ಟ್ರಾವೆಲ್’ ಎಂದು ಹಾಕಿಬಿಡುತ್ತಾರೆ.

ಮಗುವಿನ ಕೈಖರ್ಚಿಗೆ ಮೂರು ದಾರಿ. ನಮ್ಮ ಡೆಬಿಟ್ ಕಾರ್ಡ್ ಕೊಟ್ಟು ಕಳಿಸುವುದು ಸುಲಭ, ಆದರೆ ಪ್ರತಿ ಸಲವೂ ಬ್ಯಾಂಕು ಶೇ. 2ರಿಂದ 3.5ರಷ್ಟು ಕತ್ತರಿಸುತ್ತದೆ, ಕಾರ್ಡ್ ಕಳೆದರೆ ಮನೆಯ ಖಾತೆಯೇ ಬಯಲು. ನಗದು ಕೊಟ್ಟರೆ ಕಳೆಯುವ ಭಯ. ನಾವು ಮಾಡಿಸಿದ್ದು ಫಾರೆಕ್ಸ್ ಕಾರ್ಡ್: ಇಲ್ಲಿಂದಲೇ ಪೌಂಡ್ ತುಂಬಿಸುವುದು, ಕಡಿಮೆ ಬಿದ್ದರೆ ಮತ್ತೆ ತುಂಬಿಸುವುದು. ಜೊತೆಗೆ ಐವತ್ತು ಪೌಂಡ್ ನೋಟು. ಯಾವ ಕಾರ್ಡಾದರೂ ಹೊರದೇಶದ ಬಳಕೆ ಆನ್ ಆಗಿದೆಯೇ ಎಂದು ಹೊರಡುವ ಮೊದಲೇ ಆ್ಯಪಿನಲ್ಲಿ ನೋಡಿ. ಇನ್ನು ಅಲ್ಲಿನ ಮಷೀನು ‘ರೂಪಾಯಿಯಲ್ಲಿ ಕೊಡುತ್ತೀರಾ, ಪೌಂಡಿನಲ್ಲಿ ಕೊಡುತ್ತೀರಾ’ ಎಂದು ಕೇಳುತ್ತದೆ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ಕೈ ಸುಡುತ್ತದೆ. “ಪೌಂಡ್ ಒತ್ತು, ಏನ ಕೇಳಿದ್ರೂ ಪೌಂಡ್ ಒತ್ತು” ಎಂದು ಮಗಳಿಗೆ ಹತ್ತು ಸಲ ಹೇಳಿದ್ದೆ.

ಜೊತೆಗೆ ಹೋಗುವುದೋ, ಬಿಟ್ಟು ಬರುವುದೋ

“ನಾವೂ ಹೋಗಿ ಹತ್ರದಾಗ ಒಂದ ರೂಮ್ ಮಾಡಿಕೊಂಡ ಇರ್ತೇವಿ” ಎನ್ನುವವರಿದ್ದಾರೆ. ಮಗು ಹದಿಮೂರರ ಕೆಳಗಿದ್ದರೆ ಅರ್ಥವಾಗುತ್ತದೆ. ದೊಡ್ಡವರಿದ್ದರೆ ನನ್ನ ಸಲಹೆ ಬೇಡ ಎಂದೇ. ಅರ್ಧ ಮೈಲಿಯಲ್ಲಿ ಅವ್ವ ಇದ್ದಾಳೆ ಎಂದು ಗೊತ್ತಿದ್ದ ಮಗು ಸಂಜೆಯಾದರೆ ಅತ್ತಲೇ ಮುಖ ಮಾಡುತ್ತದೆ, ರೂಮಿನ ಗೆಳತಿಯ ಕಡೆಗಲ್ಲ. ತೀರ ಮನಸ್ಸು ಒಪ್ಪದಿದ್ದರೆ ಒಬ್ಬರು ಹೋಗಿ ಬಿಟ್ಟು, ಎರಡು ದಿನವಿದ್ದು ಬನ್ನಿ. ಅಲ್ಲಿ ನೆಂಟರಿದ್ದರೆ ಅವರ ಫೋನ್ ನಂಬರನ್ನು ತುರ್ತಿಗೆಂದು ಕೊಡಿ. ವಾರಾಂತ್ಯಕ್ಕೆ ಕರೆದೊಯ್ಯುವುದಾದರೆ ಶಾಲೆಗೆ ಮೊದಲೇ ಬರೆದು ತಿಳಿಸಬೇಕು. ನಮ್ಮಲ್ಲಿಯಂತೆ ಕಾಕಾ ಬಂದು “ನಮ್ಮ ಹುಡುಗಿನ ಕರ್ಕೊಂಡ ಹೋಗ್ತೇನಿ” ಎಂದರೆ ಗೇಟು ತೆರೆಯುವುದಿಲ್ಲ, ತೆರೆಯಲೂಬಾರದು.

ಬದಲಿಗೆ ಇಲ್ಲೇ ತಾಲೀಮು ಮಾಡಿಸಿ. ನಾವು ಮೇ ತಿಂಗಳಲ್ಲಿ ಮಗಳನ್ನು ಒಬ್ಬಳೇ ಹುಬ್ಬಳ್ಳಿಯಿಂದ ಮೈಸೂರಿನ ಅತ್ತೆ ಮನೆಗೆ ರೈಲಿನಲ್ಲಿ ಕಳಿಸಿದೆವು. ಒಂದು ವಾರ ತನ್ನ ಬಟ್ಟೆ ತಾನೇ ತೊಳೆಯಬೇಕು, ದಿನದ ಖರ್ಚು ಬರೆದಿಡಬೇಕು. ಮೂರನೇ ದಿನ ಚೀಟಿಯಲ್ಲಿ ‘ಇತರೆ: 140 ರೂ.’ ಎಂದಿತ್ತು. ‘ಇತರೆ’ ಎಂದರೇನು ಎಂದು ನಾನು ಕೇಳಿದ್ದಕ್ಕೆ, “ಅಪ್ಪಾ, ನೀನು ಇನ್‌ಕಂ ಟ್ಯಾಕ್ಸ್ ಆಫೀಸರ್ ಅಲ್ಲ” ಎಂದಳು.

ಫೋನು ಮತ್ತು ಎರಡನೇ ರಾತ್ರಿ

ದೂರದ ದೇಶವಾದಷ್ಟೂ ಮಾತಾಡುವುದು ಕಷ್ಟ ಎಂದು ನಾವು ತಿಳಿದಿರುತ್ತೇವೆ. ಲೆಕ್ಕ ಹಾಕಿ ನೋಡಿದರೆ ಉಲ್ಟಾ. ಮಕ್ಕಳಿಗೆ ಬಿಡುವು ರಾತ್ರಿ ಒಂಬತ್ತು-ಹತ್ತಕ್ಕೆ. ಬಾಸ್ಟನ್‌ನ ರಾತ್ರಿ ಹತ್ತು ನಮಗೆ ಬೆಳಗಿನ ಏಳೂವರೆ, ಚಹಾದ ಹೊತ್ತು. ಸಿಂಗಪುರದ ರಾತ್ರಿ ಒಂಬತ್ತು ನಮ್ಮ ಸಂಜೆ ಆರೂವರೆ. ಆದರೆ ಇಂಗ್ಲೆಂಡಿನ ರಾತ್ರಿ ಒಂಬತ್ತಾದರೆ ನಮಗೆ ಒಂದೂವರೆ, ಜರ್ಮನಿಯದು ಹನ್ನೆರಡೂವರೆ. ಇಂಗ್ಲೆಂಡಿಗೆ ಕಳಿಸುವವರು ಅವರ ಮಧ್ಯಾಹ್ನದ ಊಟದ ಹೊತ್ತಿಗೆ, ಅಂದರೆ ನಮ್ಮ ಸಂಜೆ ಐದೂವರೆಗೆ, ಹತ್ತು ನಿಮಿಷ ಎಂದು ಮೊದಲೇ ಮಾತಾಡಿಕೊಳ್ಳಿ. ದಿನ ಬಿಟ್ಟು ದಿನ ಸಾಕು.

ನಮಗೆ ಇದು ತಿಳಿದದ್ದು ಎರಡನೇ ರಾತ್ರಿ. ಒಂದೂ ನಲವತ್ತಕ್ಕೆ ಫೋನು. “ಅಪ್ಪಾ, ನನ್ನ ಕರ್ಕೊಂಡ ಹೋಗು. ಇಲ್ಲಿ ಯಾರೂ ನನ್ನ ಜೋಡಿ ಮಾತಾಡವಲ್ರು.” ಹೊರಗೆ ಮಳೆ. ನನ್ನ ಹೆಂಡತಿ ಆಗಲೇ ಎದ್ದು ಕೂತು ಕಣ್ಣೊರೆಸಿಕೊಳ್ಳುತ್ತ, ಟಿಕೆಟ್ ನೋಡ್ರಿ ಎಂದಳು. ನಮ್ಮವ್ವ ಒಳಗಿನಿಂದ, “ಕೂಸು ಉಂಡೈತೇನು ಕೇಳೋ ಮೊದಲ” ಎಂದಳು. ಕೇಳಿದೆ. ಉಂಡಿರಲಿಲ್ಲ. ಶಾಲೆಯವರು ಕೊಟ್ಟಿದ್ದ ರಾತ್ರಿಯ ನಂಬರಿಗೆ ಹಚ್ಚಿದೆ. ಎರಡನೇ ರಿಂಗಿಗೆ ಒಬ್ಬ ಹೆಂಗಸು ಎತ್ತಿದರು. ನನ್ನ ಹರಕು ಇಂಗ್ಲಿಷಿನಲ್ಲಿ ಹೆಸರು, ರೂಮ್ ನಂಬರ್ ಹೇಳಿದೆ. ಕಾಲು ತಾಸಿಗೆ ಅವರೇ ತಿರುಗಿ ಫೋನು ಮಾಡಿ, ಬ್ರೆಡ್ಡು ಬಿಸಿ ಮಾಡಿ ಕೊಟ್ಟಿದ್ದೇನೆ, ಅಡಿಗೆಮನೆಯಲ್ಲಿ ನನ್ನ ಜೊತೆ ಕೂತಿದ್ದಾಳೆ, ಎರಡನೇ ಮೂರನೇ ರಾತ್ರಿ ಎಷ್ಟೋ ಮಕ್ಕಳು ಹೀಗೇ ಮಾಡುತ್ತವೆ, ನೀವು ಮಲಗಿ ಎಂದರು. ನಾಲ್ಕನೇ ದಿನದಿಂದ ಮಗಳಿಗೆ ನಮ್ಮ ಫೋನು ಎತ್ತಲು ಪುರುಸೊತ್ತಿರಲಿಲ್ಲ.

ಅದೇ ವರ್ಷ ನನ್ನ ಗಿರಾಕಿಯೊಬ್ಬರು ಮಗನನ್ನು ಬಹಳ ದೊಡ್ಡ ಹೆಸರಿನ ಜಾಗಕ್ಕೆ ಕಳಿಸಿದ್ದರು. ಹುಡುಗನಿಗೆ ವಾಂತಿ-ಭೇದಿ ಆದ ರಾತ್ರಿ ತುರ್ತು ನಂಬರಿಗೆ ಮಾಡಿದರೆ ಮಷೀನು ಮಾತಾಡಿತು. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಆ ರಾತ್ರಿಯ ನಂಬರನ್ನು ಕೇಳಿ ಇಸಕೊಂಡು, ಅವರ ರಾತ್ರಿ ಹತ್ತಕ್ಕೆ ಒಮ್ಮೆ ಹಚ್ಚಿ ನೋಡಿ. ಬೇಸಿಗೆ ಬಿಟ್ಟರೆ ಬೇರೆ ದಿನಗಳಲ್ಲಿ ಆ ನಂಬರ್ ನಡೆಯುವುದಿಲ್ಲ ಎಂದರೆ, ಕಳೆದ ವರ್ಷ ಅಲ್ಲಿಗೆ ಕಳಿಸಿದ ಒಬ್ಬ ತಾಯಿ-ತಂದೆಯ ಜೊತೆ ಮಾತಾಡಿಸಿ ಎಂದು ಕೇಳಿ. ಎಷ್ಟು ಮಕ್ಕಳಿಗೆ ಒಬ್ಬರು, ಅವರು ಅದೇ ಮಹಡಿಯಲ್ಲಿ ಮಲಗುತ್ತಾರೋ, ಆಸ್ಪತ್ರೆಗೆ ಹೋದರೆ ಜೊತೆಗೆ ಯಾರು, ದುಡ್ಡು ಮೊದಲು ನಾವು ಕಟ್ಟಬೇಕೋ ವಿಮೆಯವರೇ ಕಟ್ಟುತ್ತಾರೋ. ಈ ನಾಲ್ಕಕ್ಕೆ ಸರಳ ಉತ್ತರ ಕೊಡುವ ಸಣ್ಣ ಶಾಲೆ, ಉತ್ತರದ ಬದಲು ಬ್ರೋಷರ್ ಕಳಿಸುವ ದೊಡ್ಡ ಹೆಸರಿಗಿಂತ ಮೇಲು.

ಪೆಟ್ಟಿಗೆ

ನಮ್ಮ ಸೂಟ್‌ಕೇಸ್ ತೂಗಿದ್ದು ಅಮರಗೋಳದ ಗಿರಾಕಿಯ ಅಂಗಡಿಯ ಕಾಟಾದ ಮೇಲೆ, ಬ್ಯಾಡಗಿ ಮೆಣಸಿನಕಾಯಿ ಚೀಲಗಳ ನಡುವೆ. 26 ಕಿಲೋ ಬಂತು. ನಮ್ಮ ಟಿಕೆಟಿಗೆ ಇದ್ದದ್ದು 23. ತೆಗೆದದ್ದು ಪೇಡೆ. ತೂಕಕ್ಕಾಗಿ ಅಲ್ಲ: ಹಾಲಿನ ಪದಾರ್ಥವನ್ನು ನಮ್ಮಂಥ ದೇಶಗಳಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ, ಧಾರವಾಡ ಪೇಡೆಯೆಂದರೆ ಪೂರ್ತಿ ಖವೆಯೇ ತಾನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಹೋದವು. ಊಟದ ಫಾರ್ಮಿನಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಟಿಕ್ ಮಾಡಿದರೆ ತಟ್ಟೆಗೆ ಮೊಟ್ಟೆ ಬರುತ್ತದೆ. ಮೊಟ್ಟೆ ತಿನ್ನದ ಮನೆಯವರು ಅದನ್ನು ಬಿಡಿಸಿ ಬರೆಯಬೇಕು. ನಾವು ಬರೆದಿರಲಿಲ್ಲ, ಆ ಎರಡನೇ ರಾತ್ರಿಯ ಉಪವಾಸಕ್ಕೆ ಅರ್ಧ ಕಾರಣ ಅದೇ.

ಪ್ಲಗ್ಗಿನ ವಿಷಯ ಸಣ್ಣದು, ಆದರೆ ಮೊದಲ ದಿನವೇ ಕಾಡುತ್ತದೆ. ಜರ್ಮನಿಯಲ್ಲಿ ನಮ್ಮ ಮೊಬೈಲ್ ಚಾರ್ಜರಿನ ಎರಡು ಗುಂಡು ಪಿನ್ನು ಕೂರುತ್ತದೆ. ಬ್ರಿಟನ್, ಸಿಂಗಪುರದ್ದು ಚೌಕದ ಮೂರು ಪಿನ್ನು, ಅಮೆರಿಕದ್ದು ಚಪ್ಪಟೆ. ಅಡಾಪ್ಟರನ್ನು ಸೂಟ್‌ಕೇಸಿನಲ್ಲಿ ಅಲ್ಲ, ಹೆಗಲ ಚೀಲದಲ್ಲಿ ಇಡಿ. ಔಷಧಿಯೂ ಅಲ್ಲೇ, ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಜೊತೆ. ಅಂದಹಾಗೆ ಪಾಸ್‌ಪೋರ್ಟ್ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಅಡ್ಡಹೆಸರಿನ ಕಾಲಂ ಖಾಲಿ ಬಿಡಬೇಡಿ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಹದಿನೈದರೊಳಗಿನ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ಶಾಲಾ ಪ್ರವಾಸಕ್ಕೆಂದು ಹಿಂದೆ ಮಾಡಿಸಿದ್ದು ಮುಗಿದಿರಬಹುದು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಬೇರೆ ತೆಗೆಸಿ, ಅದೇ ದಿನ ಲಂಡನ್ ವಿಮಾನ ಹಿಡಿಸುವ ಧೈರ್ಯ ಮಾಡಬೇಡಿ. ಜುಲೈ ಮಳೆಗೆ ಮೊದಲನೆಯದು ತಡವಾದರೆ ಎರಡನೆಯವರು ಜವಾಬ್ದಾರರಲ್ಲ. ನಾವು ಮಧ್ಯಾಹ್ನದ ವಂದೇ ಭಾರತ್ ಹಿಡಿದು ಒಂದು ದಿನ ಮೊದಲೇ ಹೋದೆವು. ಮಗಳು ದಾವಣಗೆರೆ ದಾಟುವ ತನಕ ಮಾತಾಡಿದಳು, ಆಮೇಲೆ ಕಿಟಕಿ ನೋಡುತ್ತ ಕೂತಳು.

ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿ ಹೋದವಳು ನಾಗರ ಪಂಚಮಿಗೆ ಮೊದಲು ಬಂದಳು. ಜೋಕಾಲಿ ಕಟ್ಟುವಷ್ಟರಲ್ಲಿ ಬಂದೆ ನೋಡು ಎಂದು ನಮ್ಮವ್ವನಿಗೆ ಅದೇ ದೊಡ್ಡ ಸಮಾಧಾನ. ಕಾಲೇಜಿನ ನೋಟ್ಸ್ ಬರೆದುಕೊಳ್ಳಲು ಹದಿನೈದು ದಿನ ಹಿಡಿಯಿತು, ಫಿಸಿಕ್ಸಿನ ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆಯೂ ಬಂತು. ಫಾರೆಕ್ಸ್ ಕಾರ್ಡಿನಲ್ಲಿ 43 ಪೌಂಡ್ ಉಳಿದಿತ್ತು. ಉಳಿದ ವಿದೇಶಿ ಹಣವನ್ನು 180 ದಿನದೊಳಗೆ ಬ್ಯಾಂಕಿಗೆ ಮರಳಿಸಬೇಕು, 2,000 ಡಾಲರಿನ ತನಕ ಇಟ್ಟುಕೊಳ್ಳಲೂ ಅವಕಾಶವಿದೆ ಎಂದು ನಿಯಮ ಬಿಡಿಸಿ ಹೇಳಿ, ಕಾರ್ಡ್ ಕೊಡವ್ವಾ, ರೂಪಾಯಿ ಮಾಡಿಸಿಕೊಂಡು ಬರುತ್ತೇನೆ ಎಂದೆ. ಕೊಡಲಿಲ್ಲ. ಕಾರ್ಡು ಅವಳ ಕಂಪಾಸ್ ಬಾಕ್ಸಿನಲ್ಲಿ, ಪ್ರೊಟ್ರ್ಯಾಕ್ಟರಿನ ಕೆಳಗೆ ಈಗಲೂ ಇದೆ.